ಮೆತ್ತನೆ ಕೂದಲು, ಮೊಂಡಾಗುವ ಬ್ಲೇಡು

ಬಳ್ಳಾರಿಯಲ್ಲಿ ನಾನು ಹೋಗುವ ಕಟಿಂಗ್ ಶಾಪಿನವರು ಮೊನ್ನೆ ಬ್ಲೇಡನ್ನು ಪಟ್ಟನೆ ಎರಡು ತುಂಡು ಮಾಡಿ, ಅರ್ಧವನ್ನು ಹಿಡಿಕೆಗೆ ಸಿಕ್ಕಿಸುತ್ತಾ ಕೇಳಿದರು: "ಸರ್, ನೀವು ಉಕ್ಕಿನ ಮಂದಿ. ಕೂದಲು ಮೆತ್ತಗೈತಿ, ಬ್ಲೇಡು ಗಟ್ಟಿ ಐತಿ. ಮತ್ತೆ ಮೊಂಡಾಗೋದು ಬ್ಲೇಡೇ ಯಾಕ್ರಿ?"

ತೋರಣಗಲ್ಲಿನಲ್ಲಿ ಉಕ್ಕು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಆದರೆ ಬಾಯಿ ಸುತ್ತ ನೊರೆ ಇತ್ತು, ಉತ್ತರ ಹೇಳಲಾಗಲಿಲ್ಲ.

ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಸುಮ್ನೆ ಸವೆದು ಮೊಂಡಾಗುತ್ತದೆ ಅಂತ ಅನಿಸುತ್ತದೆ, ಅಲ್ವಾ? 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಮೈಕ್ರೋಸ್ಕೋಪಿನಡಿ ಕೂದಲು ಕತ್ತರಿಸಿ ನೋಡಿದರು. ಕಂಡದ್ದೇ ಬೇರೆ. ಅಂಚಿನಿಂದ ಚಕ್ಕೆ ಏಳುತ್ತಿತ್ತು. ಉಕ್ಕು ಒಳಗೆಲ್ಲ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಗಟ್ಟಿ, ಪಕ್ಕದಲ್ಲೇ ಸ್ವಲ್ಪ ಮೆತ್ತಗೆ. ಅಂಥ ಜಾಗಕ್ಕೆ ಕೂದಲು ಬಾಗಿ ಓರೆಯಾಗಿ ತಾಗಿದರೆ ಅಂಚು ಚಿಟಕ್ಕನೆ ಸಿಡಿಯುತ್ತದೆ.

ಮಡಚುವ ಹಳೇ ಕತ್ತಿಗೆ ಇದು ದೊಡ್ಡ ಚಿಂತೆಯಲ್ಲ. ಸಾಣೆ ಕಲ್ಲು, ತೊಗಲಿನ ಪಟ್ಟಿ ಇದ್ದರೆ ಮತ್ತೆ ಹರಿತ. ಕುಯ್ದುಕೊಳ್ಳುವ ಭಯವಿತ್ತು, ಅಷ್ಟೇ. 18ನೇ ಶತಮಾನದಲ್ಲಿ ಪ್ಯಾರಿಸ್ಸಿನ ಪೆರೆ ಎಂಬಾತ ಅದಕ್ಕೆ ಮರದ ತಡೆ ಕೂರಿಸಿದ. 1880ರಲ್ಲಿ ನ್ಯೂಯಾರ್ಕಿನ ಕಾಂಪ್ಫೆ ಸೋದರರು ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದರು. ಮಸೆಯುವ ಗೋಳು ಮಾತ್ರ ತಪ್ಪಲಿಲ್ಲ.

1895ರಲ್ಲಿ ಕಿಂಗ್ ಜಿಲೆಟ್‌ಗೆ ಹೊಳೆದದ್ದು: ಮಸೆಯುವುದೇ ಬೇಡ, ಬಿಸಾಡೋಣ. ಈತ ಬಾಟಲಿ ಮುಚ್ಚಳದ ಸೇಲ್ಸ್‌ಮನ್. ಒಮ್ಮೆ ಬಳಸಿ ಎಸೆಯುವ ವಸ್ತು ಕಂಡುಹಿಡಿ, ಗಿರಾಕಿ ಮತ್ತೆ ಬರುತ್ತಾನೆ ಎಂದು ಮುಚ್ಚಳ ಕಂಡುಹಿಡಿದ ಪೇಂಟರ್ ಅವನಿಗೆ ಹೇಳಿದ್ದನಂತೆ. ಹೇಳಿದಷ್ಟು ಸುಲಭವಿರಲಿಲ್ಲ. ಉಕ್ಕು ಗಟ್ಟಿಯಾಗಲು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಬೇಕು. ಕಾಗದದಷ್ಟು ತೆಳು ಪಟ್ಟಿಗೆ ಹಾಗೆ ಮಾಡಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬಲ್ಲವರೇ ಆಗುವುದಿಲ್ಲ ಎಂದು ಕೈಚೆಲ್ಲಿದರು. ಆ ಗಂಟು ಬಿಡಿಸಿದವನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. ಬ್ಲೇಡಿನ ಮೇಲೆ ಇವನ ಹೆಸರೂ ಇರಬೇಕಿತ್ತು ಅಂತ ನನ್ನ ತಕರಾರು.

ಮೊದಲ ವರ್ಷ, 1903ರಲ್ಲಿ, ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರೇ 90 ಸಾವಿರ ದಾಟಿತು.

ಅಂದಹಾಗೆ, ಗಡ್ಡವನ್ನು ಎರಡು ಮೂರು ನಿಮಿಷ ಚೆನ್ನಾಗಿ ನೆನೆಸಿ. ನೆಂದ ಕೂದಲು ಬೇಗ ತುಂಡಾಗುತ್ತದೆ. ಶಾಪಿನವರಿಂದ ಆ ಅರ್ಧ ಬ್ಲೇಡನ್ನು ಕೇಳಿ ತಂದಿದ್ದೇನೆ. ಸೋಮವಾರ ಮೈಕ್ರೋಸ್ಕೋಪಿನಡಿ ಇಟ್ಟು, ಚಕ್ಕೆ ಎದ್ದ ಫೋಟೋ ಅವರಿಗೆ ತೋರಿಸಬೇಕು.