ನಂದಾದೇವಿಯ ಹಿಮದಲ್ಲಿ ಹೂತುಹೋದ ಗುಟ್ಟು

2021ರ ಫೆಬ್ರವರಿ 7, ಭಾನುವಾರ. ಚಿಕ್ಕಬಳ್ಳಾಪುರದ ಒಂದು ಹೋಟೆಲಿನ ಟಿವಿಯಲ್ಲಿ ಉತ್ತರಾಖಂಡದ ಚಮೋಲಿಯ ಪ್ರವಾಹ ತೋರಿಸುತ್ತಿದ್ದರು. ನನ್ನೆದುರು ಕೂತಿದ್ದ ನಿವೃತ್ತ ಮೇಷ್ಟ್ರು ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿದರು. "ಆ ಬೆಟ್ಟದಲ್ಲಿ ಅಣು ಸಾಮಾನು ಕಳೆದುಹಾಕಿದ್ರು ಕಣಪ್ಪ. ಆಮೇಲೆ ಸಿಗಲೇ ಇಲ್ಲ" ಅಂದರು. 1978ರ ಪೇಪರಿನಲ್ಲಿ ಓದಿದ್ದು ಅವರಿಗೆ ಇನ್ನೂ ನೆನಪಿತ್ತು.

ಮೇಷ್ಟ್ರು ಹೇಳಿದ್ದು ನಿಜ. 1964ರ ಅಕ್ಟೋಬರ್ 16ರಂದು ಚೀನಾ ಮೊದಲ ಅಣುಬಾಂಬ್ ಸಿಡಿಸಿತು. ಅವರ ಕ್ಷಿಪಣಿ ಪರೀಕ್ಷೆಗಳ ಸಿಗ್ನಲ್ ಕದ್ದು ಕೇಳಬೇಕು, ಅದಕ್ಕೆ ಹಿಮಾಲಯದ ತುದಿಯಲ್ಲೊಂದು ಯಂತ್ರ ಕೂರಿಸಬೇಕು ಅಂತ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮತ್ತು ನಮ್ಮ ಗುಪ್ತಚರ ಇಲಾಖೆ ಸೇರಿ ತೀರ್ಮಾನಿಸಿದವು. ಆರಿಸಿದ್ದು ಚಮೋಲಿಯಲ್ಲೇ ಇರುವ, 7,816 ಮೀಟರ್ ಎತ್ತರದ ನಂದಾದೇವಿ. ನಮ್ಮ ನಂದಿಬೆಟ್ಟದ ಐದು ಪಟ್ಟಿಗೂ ಜಾಸ್ತಿ.

ಅಲ್ಲಿ ಕರೆಂಟ್ ಎಲ್ಲಿಂದ ಬರಬೇಕು? ಹಾಗಾಗಿ ಪ್ಲುಟೋನಿಯಂ ಅನ್ನೋ ವಿಕಿರಣ ಸೂಸುವ ಲೋಹದಿಂದ ನಡೆಯುವ ಜನರೇಟರ್ ಹೊತ್ತರು. ಅದು ಸದಾ ಬೆಚ್ಚಗಿರುತ್ತಿತ್ತು. ಕೊರೆಯುವ ಚಳಿಯಲ್ಲಿ ಶೆರ್ಪಾಗಳು ಅದನ್ನು ಹೊರಲು ತಾವೇ ಮುಂದೆ ಬರುತ್ತಿದ್ದರಂತೆ. ಆ ಶಾಖ ಯಾವುದರದ್ದು ಅಂತ ಅವರಿಗೆ ಗೊತ್ತಿರಲಿಲ್ಲ. ಇಡೀ ಕಥೆಯಲ್ಲಿ ನನಗೆ ತುಂಬಾ ಸಂಕಟ ಆಗುವುದು ಇಲ್ಲೇ.

1965ರ ಅಕ್ಟೋಬರಿನಲ್ಲಿ ತುದಿ ಇನ್ನೂ ದೂರ ಇರುವಾಗಲೇ ಹಿಮಗಾಳಿ ಎದ್ದಿತು. ತಂಡದ ನಾಯಕ ಎಂ.ಎಸ್. ಕೊಹ್ಲಿ ಜನರ ಜೀವ ಮುಖ್ಯ ಅಂದುಕೊಂಡು ಯಂತ್ರವನ್ನು ಬಂಡೆಗೆ ಕಟ್ಟಿ ಇಳಿಯಲು ಹೇಳಿದರು. ಮರುವರ್ಷ ಹೋದರೆ ಅದು ಅಲ್ಲಿರಲಿಲ್ಲ. ಹಿಮ ಜಾರಿ ಎಳೆದೊಯ್ದಿರಬೇಕು. ಎಷ್ಟು ಹುಡುಕಿದರೂ ಸಿಗಲಿಲ್ಲ. 1967ರಲ್ಲಿ ಸದ್ದಿಲ್ಲದೆ ಇನ್ನೊಂದು ಯಂತ್ರ ತಂದು ಪಕ್ಕದ ನಂದಾಕೋಟ್ ಮೇಲೆ ಇಟ್ಟರು.

ಆ ಬೆಟ್ಟದ ನೀರು ರಿಷಿಗಂಗಾ ಆಗಿ ಇಳಿದು, ಧೌಲಿಗಂಗಾ, ಅಲಕನಂದಾ ಸೇರಿ, ಕೊನೆಗೆ ಗಂಗೆಗೆ ಬರುತ್ತದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬಂದಾಗ "ಇದರಲ್ಲೇನಿದೆ?" ಅಂತ ನಾವು ಬಾಯಿಬಿಟ್ಟು ಕೇಳಿದೆವು, ಅಲ್ವಾ? ರಿಷಿಗಂಗಾ ದಡದವರಿಗೆ ಹಾಗೆ ಕೇಳಲು ವಿಷಯವೇ ಗೊತ್ತಿರಲಿಲ್ಲ. 1978ರಲ್ಲಿ ಅಮೆರಿಕದ ಪತ್ರಿಕೆಯೊಂದು ಗುಟ್ಟು ಬಯಲು ಮಾಡಿತು. ಏಪ್ರಿಲ್‌ನಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು. ಆಮೇಲೆ ನೇಮಿಸಿದ ವಿಜ್ಞಾನಿಗಳ ಸಮಿತಿ ಭಯಪಡಬೇಕಿಲ್ಲ ಅಂದಿತು.

2021ರ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ರೋಂಟಿ ಶಿಖರದಿಂದ ಬಂಡೆ ಮತ್ತು ಹಿಮ ಒಟ್ಟಿಗೆ ಕುಸಿದದ್ದೇ ಕಾರಣ ಅಂತ ವಿಜ್ಞಾನಿಗಳು ತೋರಿಸಿದ್ದಾರೆ. ಯಂತ್ರಕ್ಕೂ ಪ್ರವಾಹಕ್ಕೂ ಸಂಬಂಧ ಇದೆ ಅನ್ನಲು ಪುರಾವೆ ಇಲ್ಲ. ಆದರೂ 1974ರಲ್ಲಿ ಹೆಂಗಸರು ಮರ ತಬ್ಬಿ ಕಾಡು ಉಳಿಸಿದ ರೈಣಿ ಹಳ್ಳಿಯ ಜನ ಮೊದಲು ಅನುಮಾನಪಟ್ಟಿದ್ದು ಆ ಯಂತ್ರದ ಮೇಲೆಯೇ. ಅವರನ್ನು ಹೇಗೆ ತಪ್ಪು ಅನ್ನುವುದು? ಒಮ್ಮೆ ಮುಚ್ಚಿಟ್ಟವರು ಆಮೇಲೆ ನಿಜ ಹೇಳಿದರೂ ನಂಬಿಕೆ ಬರುವುದು ಕಷ್ಟ.

ಆ ಪ್ಲುಟೋನಿಯಂನ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 88 ವರ್ಷ ಬೇಕು. ಲೆಕ್ಕ ಹಾಕಿ ಮೇಷ್ಟ್ರಿಗೆ ಹೇಳಿದೆ: 2053. ಅವರು ಟಿವಿ ಕಡೆಯೇ ನೋಡುತ್ತಿದ್ದರು. "ಅಲ್ಲಿವರೆಗೂ ಆ ಹಳ್ಳಿಯವರು ಅದೇ ನೀರು ತಾನೇ ಕುಡಿಯೋದು" ಅಂದರು.