ಬುಟ್ಟಿಗೆ ಮರಳಿದ ಪುಸ್ತಕ

ಆನ್‌ಲೈನ್ ಅಂಗಡಿಯ ಬುಟ್ಟಿಯಿಂದ ನೀವು ತೆಗೆದುಹಾಕಿದ ಪುಸ್ತಕ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಲ್ಲೇ ಕಾಣಿಸಬಹುದು. ಅಮೆಜಾನ್ ಎಂಜಿನಿಯರುಗಳು ಇದನ್ನು ತಮ್ಮ ದತ್ತಾಂಶ ಸಂಗ್ರಹ ವ್ಯವಸ್ಥೆಯಾದ ಡೈನಮೊ ಕುರಿತ 2007ರ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇವೆಂಚುಯಲ್ ಕನ್ಸಿಸ್ಟೆನ್ಸಿ, ಅಂದರೆ ಬೇರೆ ಬೇರೆ ಸರ್ವರ್‌ಗಳಲ್ಲಿನ ಪ್ರತಿಗಳು ತಡವಾಗಿಯಾದರೂ ಒಂದಾಗುವ ಪದ್ಧತಿಯನ್ನು, ಕಲಿಯಲು ಬರುವ ಕಿರಿಯರಿಗೆ ನಾನು ಮೊದಲು ಓದಿಸುವುದು ಆ ಪ್ರಬಂಧವನ್ನೇ.

ಡೈನಮೊದಲ್ಲಿ ಸಾಮಾನ್ಯವಾಗಿ ಪ್ರತಿ ದಾಖಲೆಗೂ ಮೂರು ಸರ್ವರ್‌ಗಳಲ್ಲಿ ನಕಲು. ಬರೆಯುವಾಗ ಎರಡು ಸರ್ವರ್‌ಗಳು ಒಪ್ಪಿದರೆ ಸಾಕು, ಓದುವಾಗಲೂ ಎರಡು ಉತ್ತರಿಸಿದರೆ ಸಾಕು. ಮೂರರಲ್ಲಿ ಎರಡೆರಡನ್ನು ಆರಿಸಿದರೆ ಒಂದಾದರೂ ಎರಡೂ ಕಡೆ ಇರಲೇಬೇಕು. ಹಾಗಾಗಿ ಹೊಸ ಬರಹ ಕಣ್ಣಿಗೆ ಬೀಳುತ್ತದೆ. ಹೊಸ ಸರ್ವರ್ ಸೇರಿಸಿದರೆ ಅದರ ಪಾಲಿನ ದಾಖಲೆಗಳಷ್ಟೇ ಜಾಗ ಬದಲಿಸುತ್ತವೆ. ವ್ಯವಸ್ಥೆ ಸಲೀಸಾಗಿ ಬೆಳೆಯುವುದು ಇದರಿಂದಲೇ.

ಸರ್ವರ್ ಕೈಗೆ ಸಿಗದಿದ್ದಾಗ ಕಥೆ ಬೇರೆ. ಗ್ರಾಹಕರನ್ನು ವಾಪಸು ಕಳುಹಿಸದೆ ಡೈನಮೊ ಆ ಬರಹವನ್ನು ಬೇರೊಂದು ಸರ್ವರ್‌ಗೆ ಒಪ್ಪಿಸುತ್ತದೆ, ಮೂಲ ಸರ್ವರ್ ಎದ್ದ ಮೇಲೆ ಮರಳಿಸುತ್ತದೆ. ಈ ನಡುವೆ ಒಂದೇ ಬುಟ್ಟಿಗೆ ಎರಡು ರೂಪಗಳು ಹುಟ್ಟಬಹುದು. ವೆಕ್ಟರ್ ಗಡಿಯಾರ, ಅಂದರೆ ಯಾವ ಸರ್ವರ್ ಎಷ್ಟು ಸಲ ಬರೆಯಿತೆಂದು ಪ್ರತಿ ರೂಪದ ಜೊತೆಗಿಡುವ ಎಣಿಕೆ, ಹೇಳುವುದಿಷ್ಟೇ: ಇವೆರಡರಲ್ಲಿ ಯಾವುದೂ ಇನ್ನೊಂದನ್ನು ನೋಡಿ ಬರೆದದ್ದಲ್ಲ. ಆಗ ಬುಟ್ಟಿಯ ತಂತ್ರಾಂಶ ಎರಡನ್ನೂ ಬೆರೆಸುತ್ತದೆ. ಸೇರಿಸಿದ ವಸ್ತು ಎಂದೂ ಕಳೆಯುವುದಿಲ್ಲ. ತೆಗೆದದ್ದು ಕೆಲವೊಮ್ಮೆ ಮರಳುತ್ತದೆ. ಅಂಗಡಿಯವರು ತಿಳಿದೇ ಒಪ್ಪಿಕೊಂಡ ನಷ್ಟವಿದು, ಅದೂ ಅಪರೂಪದ್ದು. ಅವರು 24 ಗಂಟೆ ಅಳೆದಾಗ ಶೇ 99.94ರಷ್ಟು ಕೋರಿಕೆಗಳಿಗೆ ಒಂದೇ ರೂಪ ಸಿಕ್ಕಿತ್ತು.

ಕೊನೆಗೆ ಪ್ರತಿಗಳೆಲ್ಲ ಒಂದಾಗುತ್ತವೆ ಎಂಬುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಯಾವ ಬೆಲೆಗೆ ಒಂದಾಗುತ್ತವೆ ಎಂದು ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಹಿಂದೆ ನಾನಿದ್ದ ತಂಡವೊಂದರಲ್ಲಿ ಗ್ರಾಹಕರ ಫೋನ್ ಸಂಖ್ಯೆಗಳಿಗೆ 'ಕೊನೆಯ ಬರಹವೇ ಗೆಲ್ಲಲಿ' ಎಂಬ ನಿಯಮ ಹಾಕಿದ್ದೆವು. ಒಂದು ಸರ್ವರ್‌ನ ಗಡಿಯಾರ ಕೆಲವು ನಿಮಿಷ ಮುಂದಿತ್ತು. ಅದರಲ್ಲಿ ಬರೆದ ಹಳೆಯ ಸಂಖ್ಯೆಯ ಸಮಯದ ಮುದ್ರೆ, ಬೇರೆಡೆ ನಂತರ ತಿದ್ದಿದ ಸಂಖ್ಯೆಗಿಂತ ಹೊಸದಾಗಿ ಕಂಡಿತು. ತಿದ್ದುಪಡಿಗಳು ಸದ್ದಿಲ್ಲದೆ ಅಳಿಸಿಹೋದವು. ಪ್ರತಿಗಳೆಲ್ಲ ಒಂದಾಗಿದ್ದವು, ಲಾಗ್‌ನಲ್ಲಿ ಒಂದೇ ಒಂದು ದೋಷವೂ ಇರಲಿಲ್ಲ. ಗ್ರಾಹಕರು ದೂರಿದಾಗಲೇ ನಮಗೆ ತಿಳಿದದ್ದು.

ಫೋನ್ ಸಂಖ್ಯೆಗಳನ್ನು ಬುಟ್ಟಿಯಂತೆ ಬೆರೆಸಲಾಗದು. ದಾಖಲೆಗೆ ಆವೃತ್ತಿ ಸಂಖ್ಯೆ ಕೊಟ್ಟು, ತಾನು ಓದಿದ ಆವೃತ್ತಿಯೇ ಇನ್ನೂ ಇದ್ದರೆ ಮಾತ್ರ ಬರೆಯುವ ಷರತ್ತು ಹಾಕಿದೆವು. ಬರಹ ತುಸು ನಿಧಾನವಾಯಿತು, ನೆಟ್‌ವರ್ಕ್ ಕಡಿದಾಗ ಕೆಲವು ತಿರಸ್ಕೃತವೂ ಆದವು. ಫೋನ್ ಸಂಖ್ಯೆಗೆ ಆ ಬೆಲೆ ಸರಿಯೆಂದು ಇಂದಿಗೂ ಎಣಿಸುತ್ತೇನೆ. ನಮ್ಮ ಬುಟ್ಟಿಯನ್ನು ಮಾತ್ರ ಹಾಗೆಯೇ ಬಿಟ್ಟೆವು.