ತೀರಿಕೊಂಡವರ ಫೋಟೊಗಳನ್ನು ಫೋನ್ ಯಾಕೆ ಮತ್ತೆ ಮತ್ತೆ ಮುಂದಿಡುತ್ತದೆ?

ಪ್ರಶ್ನೆ: ಅಮ್ಮ ತೀರಿಕೊಂಡು ಇನ್ನೂ ವರ್ಷ ಆಗಿಲ್ಲ. ಫೋನ್ ಆಗಾಗ ಅವರ ಫೋಟೊಗಳನ್ನು ಜೋಡಿಸಿ, ಸಂಗೀತ ಬೇರೆ ಹಾಕಿ, 'ನೆನಪು' ಅಂತ ತೋರಿಸುತ್ತದೆ. ಅವರು ಯಾರು ಅಂತ ಅದಕ್ಕೆ ಹೇಗೆ ಗೊತ್ತು? ಫೋಟೊ ಅಳಿಸದೆ ಇದನ್ನು ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಬಹುದು. ಒಂದು ಫೋಟೊವನ್ನೂ ಅಳಿಸಬೇಕಾಗಿಲ್ಲ.

ಗೂಗಲ್ ಫೋಟೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ 'ಮೆಮೊರೀಸ್' ಹುಡುಕಿ. ಬೇಡವಾದ ಮುಖವನ್ನೂ ದಿನಾಂಕಗಳನ್ನೂ ಅಲ್ಲಿ ಮರೆಮಾಡಬಹುದು. ಫೇಸ್‌ಬುಕ್‌ನಲ್ಲೂ ಇವೆರಡೂ ಇವೆ. ಐಫೋನ್‌ನಲ್ಲಾದರೆ ಆ ವ್ಯಕ್ತಿಯನ್ನು ಕಡಿಮೆ ತೋರಿಸು, ಅಥವಾ ತೋರಿಸಲೇಬೇಡ ಎನ್ನಬಹುದು. ಮುಖವನ್ನಷ್ಟೇ ಮರೆಮಾಡಿ ಸುಮ್ನಾಗಬೇಡಿ, ದಿನಾಂಕವನ್ನೂ ಹಾಕಿ. ಆಸ್ಪತ್ರೆಯ ದಿನಗಳ ಎಷ್ಟೋ ಫೋಟೊಗಳಲ್ಲಿ ಮುಖವೇ ಇರುವುದಿಲ್ಲ. ಡ್ರಿಪ್ ಹಾಕಿದ ಕೈ, ಯಾರಿಗೋ ಕಳಿಸಲು ತೆಗೆದ ರಿಪೋರ್ಟು, ವಾರ್ಡಿನ ಕಿಟಕಿ. ಮುಖ ಹುಡುಕುವ ಯಂತ್ರದ ಕಣ್ಣಿಗೆ ಇವು ನಿಮ್ಮ ಅಮ್ಮನ ಫೋಟೊಗಳೇ ಅಲ್ಲ. ಜಾಸ್ತಿ ಚುಚ್ಚುವುದು ಮಾತ್ರ ಇವೇ.

ಇನ್ನು, ಅದಕ್ಕೆ ಹೇಗೆ ಗೊತ್ತಾಗುತ್ತದೆ ಅನ್ನುವುದು. ಯಂತ್ರ ಪ್ರತಿ ಮುಖವನ್ನೂ ಅಂಕಿಗಳ ಸಾಲಾಗಿ ಮಾಡಿಕೊಳ್ಳುತ್ತದೆ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ಎಂಬ ವಿಧಾನದಲ್ಲಿ ಒಂದು ಮುಖಕ್ಕೆ 128 ಸಂಖ್ಯೆಗಳು. ಎರಡು ಸಾಲುಗಳು ಹತ್ತಿರ ಹತ್ತಿರ ಬಂದರೆ ಒಬ್ಬರೇ ಅಂತ ಲೆಕ್ಕ. 'ಅಮ್ಮ' ಅಂತ ಹೆಸರು ಬರೆಯುವವರು ನಾವು. ಅನುಮಾನ ಬಂದಾಗ ಎರಡು ಮುಖ ಅಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಅಂತ ಅದು ಕೇಳುವುದೂ ಉಂಟು. ಒಂದು ಕಡೆ ಹಳೇ ಫೋಟೊದಿಂದ ಸ್ಕ್ಯಾನ್ ಮಾಡಿದ ಹರೆಯದ ಅಮ್ಮ, ಇನ್ನೊಂದು ಕಡೆ ಈಗಿನ ನೀವು ಇದ್ದರೆ? 'ಅಲ್ಲ' ಅಂತ ಒತ್ತಲು ಕೈ ತಡೆಯುತ್ತದೆ, ಅಲ್ವಾ?

ಸಾವು ಮಾತ್ರ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಮುಖದ ಹೊಸ ಫೋಟೊ ಬರುವುದು ನಿಂತಿದೆ, ಅದಕ್ಕೆ ಕಾಣುವುದು ಅಷ್ಟೇ. ದೂರವಾದ ಗೆಳೆಯರದ್ದೂ ಹಾಗೇ ನಿಂತಿರುತ್ತದೆ. 2014ರ ಕೊನೆಯಲ್ಲಿ ಫೇಸ್‌ಬುಕ್, ವರ್ಷದ ಹಿನ್ನೋಟ ಅಂತ ವೆಬ್ ವಿನ್ಯಾಸಕ ಎರಿಕ್ ಮೇಯರ್ ಅವರಿಗೆ ಒಂದು ಫೋಟೊ ತೋರಿಸಿತು. ಅದೇ ವರ್ಷ ತೀರಿಕೊಂಡಿದ್ದ ಅವರ ಪುಟ್ಟ ಮಗಳ ಫೋಟೊ. ಸುತ್ತಲೂ ಕುಣಿದಾಡುವ ಜನರ ಚಿತ್ರ. ಇದು ಯಾರೂ ಬೇಕಂತ ಮಾಡಿದ್ದಲ್ಲ ಎಂದೇ ಅವರು ಬರೆದರು. ಆದರೆ ತೋರಿಸುವ ಮೊದಲು ನೋಡಲು ಇಷ್ಟವಿದೆಯಾ ಅಂತ ಕೇಳಬೇಕಿತ್ತು ಎಂದರು. ಕಂಪನಿ ಕ್ಷಮೆ ಕೇಳಿತು. ಆದರೂ ಇವತ್ತಿಗೂ ಹೆಚ್ಚಿನ ಆ್ಯಪ್‌ಗಳು ಮೊದಲು ತೋರಿಸುತ್ತವೆ, ಬೇಡ ಅನ್ನುವ ಕೆಲಸ ನಮ್ಮದು. ದುಃಖದಲ್ಲಿರುವವರೇ ಸೆಟ್ಟಿಂಗ್ಸ್ ಹುಡುಕಬೇಕು ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಮರೆಮಾಡಿದ್ದನ್ನು ಯಾವಾಗ ಬೇಕಾದರೂ ವಾಪಸ್ ತರಬಹುದು. ಫೋಟೊಗಳು ಆಲ್ಬಮ್‌ನಲ್ಲಿ ಇದ್ದಲ್ಲೇ ಇರುತ್ತವೆ. ಇನ್ನೊಂದು ಮಾತು. ಈ ಬದಲಾವಣೆ ನಿಮ್ಮ ಖಾತೆಗೆ ಮಾತ್ರ. ಅಪ್ಪನ ಫೋನಿನಲ್ಲಿ ಅಮ್ಮ ಬರುತ್ತಲೇ ಇರುತ್ತಾರೆ. ಅವರಿಗೆ ಅದು ಬೇಕಿರಬಹುದು. ಕೇಳದೆ ಅವರ ಸೆಟ್ಟಿಂಗ್ಸ್‌ಗೆ ಕೈ ಹಾಕಬೇಡಿ.